ಹಕ್ಕಿಯ ಅಂಗಳ ಕಾಯುವ ಡೊರ್ಕಾಸ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡೊರ್ಕಾಸ್ ತಾಯಾಬೆ ಬರಿಗಾಲಲ್ಲಿ ಮುಂದೆ ಮುಂದೆ ಹೋಗುತ್ತಾ, ದಾರಿಗೆ ಬಿದ್ದ ಒಣ ಕಡ್ಡಿಗಳನ್ನು ಹೆಕ್ಕಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟ ನೂಲಿನ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಾರೆ. ಕಾಲಡಿ ಒಂದು ಕಡ್ಡಿ ಲಟಕ್ಕೆಂದರೂ ಸಾಕು, ಹಕ್ಕಿ ಇವತ್ತು ಇತ್ತ ತಲೆಹಾಕುವುದಿಲ್ಲ. ಅವರ ಹಿಂದೆ ಆಸ್ಟ್ರೇಲಿಯಾದಿಂದ ಬಂದ ಫೋಟೋಗ್ರಾಫರ್ ಕೀತ್. ಕೀತ್ ಹಿಂದೆ ಏದುಸಿರು ಬಿಡುತ್ತಾ ನಾನು.

"ಟೀಚರಮ್ಮಾ, ಆ ಉಸಿರನ್ನಾದ್ರೂ ಮನೇಲಿ ಬಿಟ್ಟು ಬರಬಾರ್ದಿತ್ತಾ?" ಎಂದು ಡೊರ್ಕಾಸ್ ಪಿಸುಗುಟ್ಟುತ್ತಾರೆ. ದೂರದ ನಮ್ಮೂರಿನಿಂದ ಬಂದು, ಪಪುವಾ ನ್ಯೂಗಿನಿಯ ಈ ತಾರಿ ಕಣಿವೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಲೇ ನನ್ನ ಕೂದಲು ಹಣ್ಣಾಗಿದೆ. ಆದರೂ ಈ ಹೆಂಗಸಿನ ಬಾಯಿಗೆ ಎದುರು ಹೇಳಲು ಇನ್ನೂ ಕಲಿತಿಲ್ಲ.

ದಾರಿಯ ಕೊನೆಗೆ ಡೊರ್ಕಾಸರ ಭಾವ ಹಗಿನಿ ಮರದ ಬೊಡ್ಡೆಯ ಮೇಲೆ ಕೂತಿದ್ದಾರೆ. ಕಾಡಿನ ಈ ತುಂಡು ಅವರದು. ತೊಡೆಯ ಮೇಲೆ ಕೊಡಲಿ ಇದೆ. ಸೊಸೆಯಂದಿರು ಹೆಚ್ಚಾದರು, ಸಿಹಿಗೆಣಸಿಗೆ ಜಾಗ ಸಾಲದು, ಮರ ಕಡಿದು ತೋಟ ಮಾಡುತ್ತೇನೆ ಎಂದು ಅವರು ಹೇಳುತ್ತಾ ಬಂದಿದ್ದಾರೆ. ಹಕ್ಕಿಯ ಫೋಟೋ ತೆಗೆಯಲು ದುಡ್ಡು ಕೊಟ್ಟು ಬರುವವರಲ್ಲಿ ಕೀತ್ ಈ ಬೇಸಿಗೆಯ ಕೊನೆಯ ಅತಿಥಿ. ಇವರಿಗೂ ಹಕ್ಕಿ ಸಿಗದಿದ್ದರೆ ನಾಳೆ ಕೊಡಲಿ ಬೀಳುತ್ತದೆ. "ನನಗೇನು ಹಕ್ಕಿ ಮೇಲೆ ಸಿಟ್ಟಾ? ಗೆಣಸು ಹೊಟ್ಟೆಗಾಗತ್ತೆ, ಹಕ್ಕಿ ಆಗತ್ತಾ ಹೇಳಿ," ಎನ್ನುತ್ತಾರೆ ಹಗಿನಿ. ಅದೂ ಸುಳ್ಳಲ್ಲ.

ಡೊರ್ಕಾಸ್ ಕಾಯುವ ಹಕ್ಕಿ ಮೈನಾ ಹಕ್ಕಿಗಿಂತ ತುಸು ದೊಡ್ಡದು, ಕಪ್ಪು. ಗಂಡಿನ ತಲೆಯಿಂದ ತಂತಿಯಂಥ ಆರು ಗರಿಗಳು ಹೊರಟಿರುತ್ತವೆ. ಎದೆಗೆ ಬಿಸಿಲು ಬಿದ್ದರೆ ಹಸಿರು, ಹೊನ್ನು, ನೀಲಿ ಎಲ್ಲ ಒಟ್ಟಿಗೆ ಮಿಂಚುತ್ತವೆ. ಅದು ಕಾಡಿನ ನೆಲದಲ್ಲಿ ಚಾಪೆಯಗಲದ ಅಂಗಳ ಮಾಡಿಕೊಂಡು, ದಿನಾ ಬೆಳಿಗ್ಗೆ ಎಲೆ ಕಡ್ಡಿ ಕಚ್ಚಿ ಹೊರಗೆಸೆದು, ಹೆಣ್ಣಿಗಾಗಿ ಕಾಯುತ್ತದೆ. ಹೆಣ್ಣು ಬಂದು ಮೇಲಿನ ಕೊಂಬೆಯಲ್ಲಿ ಕೂತರೆ ಮಾತ್ರ ಕುಣಿತ.

ಆ ಅಂಗಳದೆದುರು ಡೊರ್ಕಾಸ್ ಕಟ್ಟಿದ ಸೊಪ್ಪಿನ ಮರೆಗುಡಿಸಲಿದೆ. ಒಬ್ಬರಿಗಷ್ಟೇ ಜಾಗ. ಸೊಪ್ಪು ಬಾಡಿದ ಕಡೆ ಹೊಸದು ಸಿಕ್ಕಿಸಬೇಕು, ಆದರೆ ಒಂದೇ ಸಲಕ್ಕಲ್ಲ. ಗುಡಿಸಲು ದಿಢೀರನೆ ಬದಲಾದರೆ ಹಕ್ಕಿ ಬೆದರುತ್ತದೆ. ಕ್ಯಾಮೆರಾ ಇಡುವ ಕಿಂಡಿಯಲ್ಲಿ ವರ್ಷವಿಡೀ ಮಸಿ ಬಳಿದ ಬಿದಿರಿನ ಕೊಳವೆ ಇಣುಕುತ್ತಿರುತ್ತದೆ. "ಲೆನ್ಸು ವರ್ಷಕ್ಕೆ ನಾಲ್ಕು ದಿನ ಬರತ್ತೆ. ಮಿಕ್ಕ ದಿನ ಬಿದಿರೇ ಲೆನ್ಸು. ಹಕ್ಕಿಗೆ ರೂಢಿಯಾಗ್ಬೇಕಲ್ಲ."

ಗಂಡ ಗಣಿಗೆ ಕೆಲಸಕ್ಕೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಡೊರ್ಕಾಸ್ ಹಿಡಿದ ಕೆಲಸವಿದು. ಕಾಡು, ಹಕ್ಕಿ ಎಲ್ಲ ಗಂಡಸರ ಕಸುಬು ಎನ್ನುವ ಊರು. ಮೊದಮೊದಲು ಹುಡುಗರು "ಹಕ್ಕಿಯ ಹೆಂಡ್ತಿ ಬಂದ್ಲು" ಎಂದು ಹಾಡಿಕೊಂಡು ನಗುತ್ತಿದ್ದರಂತೆ. "ಇರಲಿ ಬಿಡ್ರೋ, ಈ ಗಂಡ ಮನೆ ಬಿಟ್ಟು ಹೋಗಲ್ಲ ಅಂದೆ. ಬಾಯಿ ಮುಚ್ಕೊಂಡ್ರು."

ಈ ಬೇಸಿಗೆಯಲ್ಲಿ ಆದ ಅನಾಹುತಕ್ಕೆ ಕಾರಣ ಹಗಿನಿಯವರದೇ ಹಂದಿ. ಬೇಲಿ ಮುರಿದು ನುಗ್ಗಿದ ಹೆಣ್ಣುಹಂದಿ ಹಕ್ಕಿಯ ಅಂಗಳವನ್ನು ಮೂತಿಯಿಂದ ಉತ್ತುಹಾಕಿತು. ಹಂದಿ ತೋಟ ಹಾಳು ಮಾಡಿದರೆ ಪರಿಹಾರ ಕೊಡುವುದು ಇಲ್ಲಿಯ ಕಟ್ಟಳೆ. ಡೊರ್ಕಾಸ್ ಸೀದಾ ಊರ ಪಂಚಾಯ್ತಿಗೆ ಹೋಗಿ ಭಾವನ ಮೇಲೆ ದೂರು ಕೊಟ್ಟೇಬಿಟ್ಟರು. ಕೂತವರೆಲ್ಲ ಬಿದ್ದುಬಿದ್ದು ನಕ್ಕರು. "ಅಂಗಳದ ಯಜಮಾನ ಎಲ್ಲಮ್ಮಾ? ಸಾಕ್ಷಿ ಹೇಳೋಕೆ ಅವನನ್ನೂ ಕರ್ಕೊಂಡು ಬಾ," ಎಂದರು ಪಂಚಾಯ್ತಿ ಹಿರಿಯರು. ನಕ್ಕು ಮುಗಿದ ಮೇಲೆ ತೀರ್ಪನ್ನೂ ಕೊಟ್ಟರು: ಹಗಿನಿ ಹಂದಿಯನ್ನು ಕಟ್ಟಿಹಾಕಬೇಕು, ಬೇಸಿಗೆಯ ಕೊನೆಯ ಅತಿಥಿ ಬಂದುಹೋಗುವವರೆಗೆ ಮರ ಮುಟ್ಟಬಾರದು.

ಗೆದ್ದ ಖುಷಿಯಲ್ಲಿ ಡೊರ್ಕಾಸ್ ಮಾಡಿದ್ದೇ ತಪ್ಪು. ನೆಲ ಸಮ ಮಾಡಿ, ತುಳಿದು, ತಮ್ಮ ಮನೆಯಂಗಳದಂತೆ ಒಂದು ಎಲೆಯೂ ಉಳಿಯದ ಹಾಗೆ ಗುಡಿಸಿದರು. ಹಕ್ಕಿ ಮೇಲಿನ ಕೊಂಬೆಗೆ ಬಂದಿತು, ಬಗ್ಗಿ ನೋಡಿತು, ಹೋಯಿತು. ಮರುದಿನವೂ ಅಷ್ಟೇ. ಅದರ ಮರುದಿನ ಬರಲೇ ಇಲ್ಲ. "ಅನ್ನ ಸೇರ್ಲಿಲ್ಲ ಅಂತೀರಲ್ಲ ನಿಮ್ಮ ಕಡೆ, ಹಾಗಾಯ್ತು ನನಗೆ. ಒಂದು ಸಂಜೆ ಮನೆಗೆ ಬಂದ್ರೆ ಅತ್ತಿಗೆ ನನ್ನ ಅಂಗಳ ಗುಡಿಸಿ ಇಟ್ಟಿದ್ಲು, ಪಾಪ ಒಳ್ಳೇ ಮನಸ್ಸಿಂದಾನೇ. ನನಗೆ ಮೈಯೆಲ್ಲ ಉರೀತು. ನನ್ನ ಮನೇಲಿ ನನಗೇನು ಕೆಲಸ ಇನ್ನು ಅನ್ನಿಸ್ತು. ಆಗ ಹೊಳೀತು ನೋಡಿ." ಮರುದಿನ ಬೆಳಿಗ್ಗೆ ಚೀಲದ ತುಂಬ ಒಣ ಎಲೆ ತಂದು ಹಕ್ಕಿಯ ಅಂಗಳಕ್ಕೆ ಚೆಲ್ಲಿದರು. ಸಂಜೆ ಹೋಗಿ ನೋಡಿದರೆ ಅರ್ಧಕ್ಕರ್ಧ ಎಲೆ ಅಂಚಿಗೆ ಬಿದ್ದಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ ಎನ್ನುತ್ತಾರೆ.

ಈಗ ಕೀತ್ ಬಿದಿರು ತೆಗೆದು ಲೆನ್ಸು ಇಟ್ಟು ಗುಡಿಸಲೊಳಗೆ ಕೂತಿದ್ದಾರೆ. ಇವರದು ಇದು ಮೂರನೇ ಸಲದ ಪ್ರಯಾಣ. ಹಿಂದಿನ ಸಲ ಹೆಣ್ಣು ಬಂದಾಗ ಇವರು ಸೀನು ತಡೆಯಲು ಮೂಗು ಹಿಡಿದುಕೊಂಡು ಕೂತಿದ್ದರು. ಡೊರ್ಕಾಸ್ ಒಳಗೆ ಕೂರುವ ಹಾಗಿಲ್ಲ. ಹಂದಿ, ಮಕ್ಕಳು, ನನ್ನಂಥವರು ಅತ್ತ ಸುಳಿಯದಂತೆ ದಾರಿ ಕಾಯಬೇಕು. ಇಷ್ಟು ವರ್ಷವೂ ಹೀಗೇ.

"ಅದೃಷ್ಟ ಬೇಕು ಇದಕ್ಕೆ," ಎಂದು ನಾನು ಪಿಸುಗುಟ್ಟುತ್ತೇನೆ.

"ಅದೃಷ್ಟ ಅಂದ್ರೆ ಆ ಹೆಣ್ಣು, ಟೀಚರಮ್ಮಾ. ಬರೋದು ಬಿಡೋದು ಅವಳಿಷ್ಟ. ಅವಳು ಬಂದ ದಿನ ಅಂಗಳ ಗುಡಿಸಿರ್ಬೇಕು, ಅಷ್ಟೇ."

ಬಿಸಿಲು ಮರಗಳ ನಡುವೆ ಇಳಿಯುತ್ತದೆ. ಕ್ಯಾಮೆರಾ ಟಕಟಕನೆ ಸದ್ದು ಮಾಡುತ್ತದೆ, ನಿಲ್ಲುವುದೇ ಇಲ್ಲ. ಡೊರ್ಕಾಸ್ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಅಬ್ಬಾ, ಅದೇನು ಹಿಡಿತ!

ಕೀತ್ ಕಣ್ಣೊರೆಸಿಕೊಳ್ಳುತ್ತಾ ಹೊರಬಂದು, "ಎಂಥಾ ಅದೃಷ್ಟ, ಎಂಥಾ ಅದೃಷ್ಟ" ಎನ್ನುತ್ತಾರೆ. ಹಗಿನಿ ಎದ್ದು ಬಂದು ಕ್ಯಾಮೆರಾದ ಪರದೆಗೆ ಮುಖ ಇಡುತ್ತಾರೆ. ಬಹಳ ಹೊತ್ತು ನೋಡುತ್ತಾರೆ. "ಇವನು ನನ್ನ ಕಾಡಲ್ಲೇ ಇದ್ದನಾ?" ಎನ್ನುತ್ತಾರೆ. ಆಮೇಲೆ ಕೊಡಲಿ ಹೆಗಲಿಗೇರಿಸಿ, "ಬೇಲಿಗೆ ಗೂಟ ಬೇಕಲ್ಲಮ್ಮಾ, ಆ ಹಾಳು ಹಂದಿ ಕಟ್ಟಿದರೂ ನಿಲ್ಲಲ್ಲ. ಹೊಳೆಯ ಕಡೆ ಬಿದಿರು ಕಡೀತೀನಿ. ಗೆಣಸಿಗೆ ಆಚೆ ಇಳಿಜಾರು ನೋಡಿದ್ರಾಯ್ತು," ಎಂದು ಇಳಿದು ಹೋಗುತ್ತಾರೆ.

ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಡೊರ್ಕಾಸ್ ನಾಚುತ್ತಾರೆ. "ಒಂದ್ಸಲ ಒಳಗೆ ಕೂತು ನೋಡ್ಬೇಕು."

ದಾರಿ ನಾನು ಕಾಯುತ್ತೇನೆಂದು ಹೇಳಿ ಅವರನ್ನು ಒಳಗೆ ದೂಡುತ್ತೇನೆ. ಬಿಸಿಲೇರಿದ ಮೇಲೆ ಹೊರಬರುತ್ತಾರೆ. ಹೆಣ್ಣು ಮತ್ತೆ ಬರಲಿಲ್ಲವಂತೆ. ಕುಣಿತ ಸಿಗಲಿಲ್ಲವಲ್ಲ ಎಂದು ನಾನೇ ಪೇಚಾಡುತ್ತೇನೆ.

"ಕುಣಿಯೋದು ಅವಳಿಗೋಸ್ಕರ," ಎನ್ನುತ್ತಾರೆ ಡೊರ್ಕಾಸ್, ಬಿದಿರನ್ನು ಮತ್ತೆ ಕಿಂಡಿಗೆ ತೂರಿಸುತ್ತಾ. "ನನಗೆ ಅವನು ಗುಡಿಸೋದು ನೋಡ್ಬೇಕಿತ್ತು. ಎಷ್ಟು ಚೆನ್ನಾಗಿ ಗುಡಿಸ್ತಾನೆ ಗೊತ್ತಾ? ಹೆಚ್ಚುಕಮ್ಮಿ ನನ್ನ ಹಾಗೇ."