ದಾರದಲ್ಲಿ ನೇತಾಡಿದ ಮುಚ್ಚಳ

ನಾಳೆಗೆ ಎಷ್ಟು ತೆಂಗಿನಕಾಯಿ ಬೇಕು ಎಂದು ನಾನು ಚೀಟಿ ಬರೆಯುವುದು ಚಿನ್ನದ ನಿಬ್ಬಿನ ಜಪಾನಿ ಪೆನ್ನಿನಲ್ಲಿ. ಹೇಳಿಕೊಳ್ಳಲು ಸ್ವಲ್ಪ ಸಂಕೋಚವೇ ಆಗುತ್ತದೆ. ಹತ್ತನೇ ಕ್ಲಾಸು ಮುಗಿಸಿ ಉಡುಪಿ ಕಡೆಯಿಂದ ಮದ್ರಾಸಿಗೆ ಬಂದವನು ನಾನು; ಅಂದಿನಿಂದ ಹೋಟೆಲೇ ನನ್ನ ಕಾಲೇಜು. ನನ್ನ ಅಕ್ಷರಕ್ಕೆ ಆ ಪೆನ್ನು ಎಂದರೆ ಸೌದೆ ಒಲೆಗೆ ಬೆಳ್ಳಿಯ ಊದುಗೊಳವೆ ಇಟ್ಟ ಹಾಗೆ.

ಪೆನ್ನು ನನ್ನದಲ್ಲ, ಸುಮತಿಯದು. ಸುಮತಿ ನನ್ನ ಹೆಂಡತಿ. ಹೋದ ಮಾರ್ಗಳಿಯಲ್ಲಿ, ನಮ್ಮ ಲೆಕ್ಕದ ಧನುರ್ಮಾಸದಲ್ಲಿ, ತೀರಿಕೊಂಡಳು. ಅಡ್ಯಾರಿನ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಳು. ಉಳಿದ ಹೆಂಗಸರು ಸೀರೆ ಕೊಳ್ಳುವಾಗ ಇವಳು ಪೆನ್ನು ಕೊಳ್ಳುತ್ತಿದ್ದಳು. ಜರ್ಮನಿಯದು, ಇಟಲಿಯದು, ಅರಗಿನ ಹೊಳಪಿನ ಜಪಾನಿನದು. ಪ್ರತಿಯೊಂದನ್ನೂ 'ಇದೇ ಕೊನೆಯದು' ಎಂದೇ ತಂದಳು. ಒಮ್ಮೆ ಬೆಲೆ ಕೇಳಿದೆ. ಕೈಯಲ್ಲಿದ್ದ ಕಾಫಿ ಲುಂಗಿಯ ಮೇಲೆ ಬಿತ್ತು. ಆಮೇಲೆ ಕೇಳುವುದನ್ನು ಬಿಟ್ಟೆ.

ಅಷ್ಟು ದುಬಾರಿ ಪೆನ್ನನ್ನು ಜೋಪಾನ ಮಾಡಿದಳೇ ಎಂದರೆ ಅದೂ ಇಲ್ಲ. ಸಾರಿನ ಪುಡಿ ಡಬ್ಬದ ಮೇಲಿನ ಹೆಸರು, ಇಸ್ತ್ರಿಯವನಿಗೆ ಕೊಟ್ಟ ಬಟ್ಟೆಯ ಎಣಿಕೆ, ಕ್ಯಾಲೆಂಡರಿನಲ್ಲಿ ಗ್ಯಾಸ್ ಬಂದ ದಿನ, ಎಲ್ಲವೂ ಅದರಲ್ಲೇ. "ಪೆನ್ನು ಇರೋದು ಬರೀಲಿಕ್ಕೆ. ಬರೀದೆ ಇಟ್ರೆ ಶಾಯಿ ಗಂಟಲಲ್ಲೇ ಒಣಗ್ತದೆ" ಎನ್ನುತ್ತಿದ್ದಳು. ಆಯುಧ ಪೂಜೆಯ ದಿನ ಮಾತ್ರ ಪಾಪ, ಅವಳ ಪಾಡು ನೋಡಲಾಗುತ್ತಿರಲಿಲ್ಲ. ನಾನು ರುಬ್ಬುವ ಯಂತ್ರಕ್ಕೂ ದೋಸೆ ಕಲ್ಲಿಗೂ ಕುಂಕುಮ ಹಚ್ಚಿದರೆ ಅವಳು ಪೆನ್ನುಗಳನ್ನು ಸಾಲಾಗಿ ದೇವರ ಮುಂದೆ ಇಡುತ್ತಿದ್ದಳು. ಆ ದಿನ ಬರೆಯುವ ಹಾಗಿಲ್ಲ. ಸಂಜೆಯಾಗುವಷ್ಟರಲ್ಲಿ ಎರಡು ಸಲ ದೇವರ ಮನೆಗೆ ಹೋಗಿ, ಕೈಮುಗಿಯುವ ನೆಪದಲ್ಲಿ ಅವನ್ನು ನೋಡಿ ಬರುವಳು.

ನಮ್ಮಿಬ್ಬರ ಉದ್ಯೋಗಕ್ಕೂ ಒಂದು ಸಾಮ್ಯ ಇತ್ತು. ಬ್ಯಾಂಕಿನಲ್ಲೂ ಪೆನ್ನನ್ನು ದಾರದಲ್ಲಿ ಕಟ್ಟುತ್ತಾರೆ, ನಮ್ಮ ಗಲ್ಲಾದಲ್ಲೂ ಕಟ್ಟುತ್ತೇವೆ. ಸುಮತಿಗೆ ಅದು ಸರಿ ಬರುತ್ತಿರಲಿಲ್ಲ. ಯಾರಾದರೂ ಬಂದು ಪೆನ್ನು ಕೇಳಿದರೆ ತನ್ನದನ್ನೇ ಕೊಡುವಳು. ಆದರೆ ಮುಚ್ಚಳ ತಿರುಗಿಸಿ ತೆಗೆದು ತನ್ನ ಕೈಯಲ್ಲೇ ಇಟ್ಟುಕೊಳ್ಳುವಳು. ಮುಚ್ಚಳವಿಲ್ಲದ ಪೆನ್ನನ್ನು ಯಾರೂ ಮರೆತು ಜೇಬಿಗೆ ಹಾಕುವುದಿಲ್ಲ ಎಂದು ಶಾಯಿ ಪೆನ್ನಿನವರಲ್ಲಿ ಇದೊಂದು ಪದ್ಧತಿಯಂತೆ.

"ದಾರ ಕಟ್ಟಿದ್ರೆ ಬಂದವರನ್ನೆಲ್ಲ ಕಳ್ಳರು ಅಂದ ಹಾಗೆ ಆಗ್ತದೆ" ಎಂದಳು.

"ಮುಚ್ಚಳ ಹಿಡ್ಕೊಂಡ್ರೆ ಮಾತ್ರ ಏನಾಗ್ತದೆ?"

"ಅದು ನೆನಪು ಮಾಡೋದು, ಅಷ್ಟೆ."

ನಾನು ನಕ್ಕೆ. ಹೋಟೆಲ್ ನಡೆಸುವವನಿಗೆ ಗೊತ್ತು, ಚಮಚ ಎಣಿಸದೆ ಇಟ್ಟರೆ ತಿಂಗಳ ಕೊನೆಗೆ ಗಿರಾಕಿಗಳು ಕೈಯಲ್ಲಿ ಸಾಂಬಾರು ಕುಡಿಯಬೇಕಾಗುತ್ತದೆ.

ಅವಳು ಹೋದ ಮೇಲೆ ಪೆನ್ನಿನ ಪೆಟ್ಟಿಗೆ ಬಹಳ ಕಾಲ ಮುಚ್ಚಿಯೇ ಇತ್ತು. ಮಗಳು ಅಶ್ವಿನಿ ಈ ಊರಲ್ಲೇ ಹುಟ್ಟಿ ಓದಿದವಳು. ಕನ್ನಡದಲ್ಲಿ ಕೇಳಿದರೆ ತಮಿಳಲ್ಲಿ ಉತ್ತರ. "ಲಾಕರ್‌ಲ ವಚ್ಚಿಡಲಾಂ ಪ್ಪಾ" ಎಂದಳು. ಲಾಕರಿನಲ್ಲಿ ಇಟ್ಟು ಯಾರಿಗೆ ಬರೆಯಲಿಕ್ಕೆ ಎಂದೆ. ಅವಳು ಅಮ್ಮನ ಶಾಯಿ ಬಾಟ್ಲಿಗಳನ್ನು ಒರೆಸಿ ತಂದುಕೊಟ್ಟಳು. ಮೊದಲ ದಿನ ನಾನು ಶಾಯಿ ತುಂಬಿಸಿದ್ದಕ್ಕೆ ಮೊಣಕೈವರೆಗೆ ಬಣ್ಣ. ನಮ್ಮ ಅಡುಗೆಯ ಕಿಟ್ಟಣ್ಣ ನೋಡಿ, "ಭಟ್ರೇ, ಶಿವನಿಗೆ ಗಂಟಲು ನೀಲಿ, ನಿಮಗೆ ಕೈ ನೀಲಿ. ನೀವು ಯಾವ ವಿಷ ಕುಡಿದದ್ದು?" ಎಂದ. ತುಂಬಾ ದಿನಗಳ ಮೇಲೆ ನಾನು ನಕ್ಕದ್ದು ಅಂದೇ ಇರಬೇಕು.

ಒಂದೊಂದಾಗಿ ಎಲ್ಲ ಪೆನ್ನುಗಳೂ ಗಲ್ಲಾಕ್ಕೆ ಬಂದವು. ಕಡೆಗೆ ಬಂದದ್ದು ಹಸಿರು ಪೆನ್ನು. ಅದನ್ನು ಮುಟ್ಟಲು ಧೈರ್ಯ ಬೇಕಾಗಿತ್ತು. ಕೀಲ್ಪಾಕಿನ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಕೆ ಹಾಕಿ ಮಾತು ನಿಂತಾಗ ಸುಮತಿ ನನ್ನೊಡನೆ ಅದರಲ್ಲೇ ಮಾತಾಡಿದ್ದಳು. 'ಇಂಗು ಮುಗಿದಿದೆ.' 'ಫ್ಯಾನ್ ಸಣ್ಣ ಮಾಡಿ.' ಕೊನೆಯದು, 'ಕಾಫಿ ಕುಡಿದಿರಾ?' ಇಲ್ಲವೆಂದು ತಲೆಯಾಡಿಸಿದ್ದಕ್ಕೆ ಕಣ್ಣಲ್ಲೇ ಗದರಿಸಿ, ಪೆನ್ನಿನ ತುದಿಯಿಂದ ಬಾಗಿಲು ತೋರಿಸಿದ್ದಳು.

ಅಂಥ ಪೆನ್ನನ್ನು ಗಲ್ಲಾದಲ್ಲಿ ಇಡುವಾಗ ನನ್ನ ಹೋಟೆಲ್ ಬುದ್ಧಿ ಸುಮ್ಮನಿದ್ದೀತೇ? ದಾರ ತೆಗೆದುಕೊಂಡೆ. ಪೆನ್ನಿನ ಮೈ ನುಣುಪು, ಗಂಟು ನಿಲ್ಲುವುದಿಲ್ಲ. ಗಂಟು ನಿಲ್ಲುವ ಜಾಗ ಒಂದೇ, ಮುಚ್ಚಳದ ಕೊಕ್ಕೆ. ಅಲ್ಲಿಗೇ ಬಿಗಿಯಾಗಿ ಕಟ್ಟಿ, ಇನ್ನು ಯಾರು ಒಯ್ಯುತ್ತಾರೆ ನೋಡೋಣ ಎಂದು ಕೂತೆ.

ಅವತ್ತು ಮಧ್ಯಾಹ್ನ ಊಟದ ಗಲಾಟೆ ಮುಗಿದು ನೋಡುತ್ತೇನೆ, ದಾರದಲ್ಲಿ ಮುಚ್ಚಳ ನೇತಾಡುತ್ತಿದೆ. ಪೆನ್ನಿಲ್ಲ.

ಯಾರೋ ತಿರುಗಿಸಿ ತೆಗೆದಿದ್ದಾರೆ, ಬರೆದಿದ್ದಾರೆ, ಹೋಗಿದ್ದಾರೆ. ಎಷ್ಟೋ ಜನ ಬಂದಿದ್ದರು, ಯಾರನ್ನೆಂದು ಕೇಳಲಿ? ಟೇಬಲ್ ಕೆಳಗೆ ಹುಡುಕಿದೆ, ಎಂಜಲು ಎಲೆಯ ಬುಟ್ಟಿಯನ್ನೂ ಸುರಿದೆ. ಕಿಟ್ಟಣ್ಣನೂ ನನ್ನ ಜೊತೆ ಬಗ್ಗಿ ಹುಡುಕಿದ. ಊಟ ಸೇರಲಿಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದ ದಿನ ಮನೆ ಹೇಗಿತ್ತೋ ಹೋಟೆಲು ಹಾಗೆ ಕಂಡಿತು. ಮುಚ್ಚಳವನ್ನು ಬಿಚ್ಚಲೂ ಮನಸ್ಸಾಗಲಿಲ್ಲ. ಹಾಗೇ ಬಿಟ್ಟೆ.

ಮರುದಿನ ಬೆಳಿಗ್ಗೆ ಆಚಾರ್ ಮಾಮ ಬಂದರು. ಮೈಸೂರು ಕಡೆಯಿಂದ ಮುತ್ತಜ್ಜನ ಕಾಲದಲ್ಲೇ ಬಂದು ನೆಲೆಸಿದ ಅಯ್ಯಂಗಾರರ ಮನೆತನ. ರಿಟೈರ್ ಆದ ಮೇಲೆ ದಿನವೂ ನಮ್ಮಲ್ಲಿ ಒಂದು ಕಾಫಿ. ಅವತ್ತು ಕಾಫಿ ಕೇಳಲಿಲ್ಲ. ಹಳದಿ ಬಟ್ಟೆ ಚೀಲದಿಂದ ಒಂದು ಬಿಳಿ ಶರಟು ಎಳೆದು ಗಲ್ಲಾದ ಮೇಲೆ ಹರಡಿದರು. ಜೇಬಿನ ಮೇಲೆ ಉದ್ದಿನ ವಡೆಯಷ್ಟು ದೊಡ್ಡ ಕಲೆ.

"ಏನ್ ಭಟ್ರೇ, ಪೇನಾ ಇಟ್ಟಿದೀರೋ, ಬಾವಿ ಇಟ್ಟಿದೀರೋ? ಮನೇಲಿ ನಮ್ಮ ಮಾಮಿ ಕೇಳ್ತಾಳೆ, ಈ ವಯಸ್ಸಲ್ಲಿ ಕಳ್ಳತನ ಯಾಕೆ ಶುರು ಮಾಡಿದ್ರಿ ಅಂತ!"

ಚೀಲದ ತಳದಲ್ಲಿ, ಕರ್ಚೀಫಿನಲ್ಲಿ ಸುತ್ತಿಟ್ಟ ಹಸಿರು ಪೆನ್ನು.

"ಮಾಮಾ, ಮುಚ್ಚಳ ಇಲ್ಲದ್ದು ಗೊತ್ತಾಗಲಿಲ್ವಾ?" ಎಂದೆ.

"ಗೊತ್ತಾಗದೇ ಏನು! ಪೆನ್ಷನ್ ಫಾರಂ ತುಂಬಿದೆ, ಆಟೋ ಹಾರನ್ ಹೊಡೀತಾ ಇದ್ದ, ನನ್ನ ಪೇನಾ ಅಂದ್ಕೊಂಡು ಜೇಬಿಗೆ ಹಾಕಿದೆ. ಮನೇಗೆ ಹೋಗಿ ಮುಚ್ಚಳ ಹುಡುಕಿದೆ, ಸೋಫಾ ಅಡಿ ಹುಡುಕಿದೆ, ಮಾಮಿಯನ್ನ ಬೈದೆ. ಆಮೇಲೆ ಜ್ಞಾಪಕ ಬಂತು, ಅಯ್ಯೋ, ಅದು ಭಟ್ರ ದಾರದಲ್ಲಿ ತೂಗ್ತಾ ಇದೆ ಅಂತ." ಪೆನ್ನನ್ನು ತಿರುಗಿಸಿ ನೋಡಿ ದನಿ ತಗ್ಗಿಸಿದರು. "ಸುಮತಿಯಮ್ಮನದು ತಾನೇ? ಬ್ಯಾಂಕಲ್ಲಿ ನನಗೂ ಕೊಡ್ತಿದ್ರು. ನನ್ನ ಕೈ ನಡುಗುತ್ತಲ್ಲ, ಸೈನ್ ಮಾಡೋಕೆ ಹೊತ್ತಾಗುತ್ತೆ. ಮುಚ್ಚಳ ಹಿಡ್ಕೊಂಡು ಸುಮ್ನೆ ನಿಂತಿರೋರು. ಒಂದಿನವೂ ಆಯ್ತಾ ಅಂತ ಕೇಳ್ಲಿಲ್ಲ."

ಅವರಿಗೆ ಕಾಫಿ ಹೇಳಿದೆ. ನನಗೂ ಒಂದು ಹೇಳಿದೆ. ಕಾಫಿ ಕುಡಿದಿರಾ ಎಂದು ಕೇಳಿದ್ದವಳಿಗೆ ಹೌದೆಂದು ಹೇಳಬೇಕಲ್ಲ.

ದಾರವನ್ನು ಅಂದೇ ಕತ್ತರಿಸಿದೆ. ಈಗ ಯಾರು ಕೇಳಿದರೂ ಮುಚ್ಚಳ ತೆಗೆದು ಪೆನ್ನು ಕೊಡುತ್ತೇನೆ. ಮೊನ್ನೆ ಪಾರ್ಸೆಲ್ ಮೇಲೆ ವಿಳಾಸ ಬರೆಯಲು ಪೆನ್ನು ಪಡೆದ ಒಬ್ಬ ಹುಡುಗಿ ನನ್ನ ಮುಷ್ಟಿ ನೋಡಿ ನಕ್ಕು, ತಾನು ಓಡಿಹೋಗುವುದಿಲ್ಲ ಅಂಕಲ್ ಎಂದು ತಮಿಳಲ್ಲಿ ಹೇಳಿದಳು. "ಗೊತ್ತಮ್ಮಾ, ಇದು ನಮ್ಮ ಮನೆಯವರ ಪದ್ಧತಿ" ಎಂದೆ. ಶಾಯಿ ಪೆನ್ನು ಹೊಸತು ಅವಳಿಗೆ. ಒಂದೊಂದೇ ಅಕ್ಷರ ಮೂಡುವುದನ್ನು ನೋಡುತ್ತಾ ನಿಧಾನವಾಗಿ ಬರೆದಳು. ಹಿಂದೆ ಸಾಲು ಬೆಳೆಯಿತು, ಒಳಗಿನಿಂದ ಕಿಟ್ಟಣ್ಣ ಟೋಕನ್ ಎಲ್ಲಿ ಎಂದು ಕೂಗಿದ. ನಾನು ಸುಮ್ಮನೆ ನಿಂತಿದ್ದೆ. ಮುಚ್ಚಳ ಅಂಗೈಯಲ್ಲಿ ಬೆಚ್ಚಗಾಗುವ ತನಕ ಕಾಯುವುದು ಈಗ ನನಗೂ ಬರುತ್ತದೆ.