ಬಾಗಿಲಿಲ್ಲದ ಗೂಡು

ನಾಯಿಮರಿಗೆ ಗೂಡಿನ ರೂಢಿ ಮಾಡಿಸುವುದು ಹೇಗೆ ಎಂದು ಯಾರಾದರೂ ನನ್ನನ್ನು ಕೇಳಿದರೆ, ನಿಮ್ಮ ಮನೆಗೆ ಯಾರ್ಯಾರು ಬಂದು ಹೋಗುತ್ತಾರೆ ಎಂದು ಮೊದಲು ವಿಚಾರಿಸುತ್ತೇನೆ. ಮರಿಯ ವಿಷಯ ಆಮೇಲೆ. ಮರಿ ಹೇಗೋ ಕಲಿತುಕೊಳ್ಳುತ್ತದೆ.

ನನ್ನದು ಹಳೇ ಸಾಮಾನಿನ ವ್ಯಾಪಾರ. ದೇವನಹಳ್ಳಿಯ ಸುತ್ತ ಹೋಟೆಲುಗಳು ಏಳುತ್ತವೆ, ಬೀಳುತ್ತವೆ. ಬಿದ್ದವರ ಮಂಚ, ಮೇಜು, ಫ್ರಿಜ್ಜು ಕೊಂಡು ಏಳುವವರಿಗೆ ಮಾರುತ್ತೇನೆ. ಮುರುಕು ಊಟದ ಮೇಜೊಂದನ್ನು ರಿಪೇರಿ ಮಾಡಿಸಿ ಮಾರಿದ್ದರಿಂದ ಶುರುವಾಗಿದ್ದು, ಈಗ ಗೋಡೌನು, ಗೂಡ್ಸ್ ಟೆಂಪೊ ಎಲ್ಲಾ ಇದೆ. ಯಾರೂ ಕೈಹಿಡಿದು ನಡೆಸಲಿಲ್ಲ. ಅದಕ್ಕೇ ಯಾರಾದರೂ ನನ್ನದನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋದರೆ ನಾನು ಸುಮ್ಮನಿರುವವಳಲ್ಲ.

ಊರಾಚೆಯ ದೊಡ್ಡ ಗೇಟಿನ ಬಡಾವಣೆಯಲ್ಲಿ ಒಂದು ಮನೆ ಖಾಲಿಯಾಗುತ್ತಿತ್ತು. ಸೋಫಾ ನೋಡಲು ಹೋಗಿದ್ದೆ. ಹಿಂದಿನ ಬಾಲ್ಕನಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ, ದೊಡ್ಡ ನಾಯಿಗೆ ಸಾಲುವಂಥ ಕಂಬಿಯ ಗೂಡು. ಒಳಗೆ ಲ್ಯಾಬ್ರಡಾರ್ ಮರಿಯೊಂದು ತನ್ನದೇ ಗಲೀಜಿನ ಮೇಲೆ ಕಾಲು ಎತ್ತೆತ್ತಿ ಇಡುತ್ತಾ ನಿಂತಿತ್ತು. ಇದಕ್ಕೆ ಬುದ್ಧಿಯಿಲ್ಲ, ಮಲಗುವ ಜಾಗದಲ್ಲೇ ಮಾಡಿಕೊಳ್ಳುತ್ತದೆ ಎಂದು ಮನೆಯಾಕೆ ಮೂಗು ಮುಚ್ಚಿಕೊಂಡರು. ಬೆಳಿಗ್ಗೆ ಕೂಡಿದರೆ ಎಷ್ಟೊತ್ತಿಗೆ ಬಿಡುತ್ತೀರಿ ಎಂದು ಕೇಳಿದೆ. ಇಬ್ಬರೂ ಆಫೀಸಿನಿಂದ ಬಂದ ಮೇಲೆ, ಎಂದರು.

ನನಗೆ ಮೈಯೆಲ್ಲಾ ಉರಿಯಿತು. ಯಾವ ಮರಿಯೂ ತಾನು ಮಲಗುವ ಜಾಗವನ್ನು ಬೇಕೆಂದು ಕೆಡಿಸಿಕೊಳ್ಳುವುದಿಲ್ಲ. ಕಣ್ಣು ಬಿಟ್ಟು ಕಾಲು ಬಂದ ಮೇಲೆ ತಾಯಿಯ ಮಗ್ಗುಲಿನಿಂದ ಎದ್ದು ದೂರ ಹೋಗಿ ಮಾಡಿ ಬರುತ್ತದೆ. ಆ ಹುಟ್ಟುಗುಣವನ್ನು ಇವರು ಕಂಬಿಯೊಳಗೆ ಕೂಡಿಹಾಕಿ ಕೊಂದಿದ್ದರು. ಆದರೆ ಕೋಪವನ್ನು ಮುಖಕ್ಕೆ ಬರಗೊಡಲಿಲ್ಲ. ವ್ಯಾಪಾರದಲ್ಲಿ ಕೋಪ ತೋರಿಸಿದವರೇ ಜಾಸ್ತಿ ತೆರುತ್ತಾರೆ. ಸೋಫಾದ ಸ್ಪ್ರಿಂಗು ಒತ್ತಿ ನೋಡಿ, ಬಟ್ಟೆ ಸರಿಯಿಲ್ಲವೆಂದು ರಾಗ ಎಳೆದು, ಕೊನೆಗೆ ಗೂಡೂ ಮರಿಯೂ ಸೇರಿದರೆ ನೀವು ಹೇಳಿದ ಬೆಲೆಗೇ ಒಪ್ಪುತ್ತೇನೆ ಎಂದೆ. ಅವರಿಗಾದ ನಿರಾಳ ನೋಡಿ, ಇನ್ನೂ ಇಳಿಸಬಹುದಿತ್ತಲ್ಲ ಎನ್ನಿಸಿತು.

ಮನೆಯಲ್ಲಿ ನಾನು, ಯಾರ ಜಗಳಕ್ಕೂ ಸಿಗದ ನನ್ನ ಗಂಡ, ಮತ್ತು ಅತ್ತೆ. ಅತ್ತೆಗೆ ಕೊಟ್ಟಿಗೆಯ ಹಸು ದೇವರು, ನಾಯಿ ಮೈಲಿಗೆ.

"ನಾಯಿ ಒಳಿಕ್ ಬಂದ್ರೆ ಲಕ್ಷ್ಮಿ ಆಚೆ ಹೋಗ್ತಾಳೆ ಕಣಮ್ಮ" ಎಂದರು.

"ಲಕ್ಷ್ಮಿ ಗೋಡೌನಲ್ಲವ್ಳೆ ಅತ್ತೆ, ಅಲ್ಲೇ ಇರ್ತಾಳೆ" ಎಂದೆ.

ಗೂಡನ್ನು ತೊಳೆದು, ಬಿಸಿಲಿಗೆ ಒಣಗಿಸಿ, ನಡುಮನೆಯ ಮೂಲೆಯಲ್ಲಿಟ್ಟೆ. ಮೇಜಿನ ಹಲಗೆಯೊಂದನ್ನು ಕತ್ತರಿಸಿ ಒಳಗೆ ಅಡ್ಡ ಕೊಟ್ಟು, ಮರಿ ಮಲಗಿ ಹೊರಳುವಷ್ಟೇ ಜಾಗ ಬಿಟ್ಟೆ. ಇದನ್ನು ಮರೆಯಬೇಡಿ: ಗೂಡು ದೊಡ್ಡದಾದರೆ ಮರಿ ಒಂದು ಮೂಲೆಯನ್ನು ಕಕ್ಕಸು ಮಾಡಿಕೊಂಡು ಇನ್ನೊಂದರಲ್ಲಿ ಮಲಗುತ್ತದೆ. ಊಟ ಗೂಡಿನೊಳಗೇ ಇಡಿ. ಬಾಗಿಲು ತೆಗೆದೇ ಇರಲಿ. ರಾಗಿಮುದ್ದೆಯ ಚೂರನ್ನು ಒಳಗೆಸೆದು "ಗೂಡಿಗೆ" ಎನ್ನಿ, ಹೋದರೆ ಬೆನ್ನು ಸವರಿ. ಬೈಯುವಾಗ ಮಾತ್ರ ಎಂದೂ ಅದರೊಳಗೆ ಹಾಕಬೇಡಿ. ನಿದ್ದೆಯಿಂದೆದ್ದಾಗ, ಊಟವಾದಾಗ, ಆಟ ಮುಗಿದಾಗ ಹೊರಗೆ ಕರೆದೊಯ್ಯಿರಿ. ನಾನು ಹಿತ್ತಿಲ ಹೊಂಗೆಮರದ ಕೆಳಗೆ ನಿಲ್ಲಿಸಿ, ಅದು ಮುಗಿಸುವ ತನಕ ಫೋನಿನಲ್ಲಿ ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತಿದ್ದೆ.

ಮರಿ ಬೇಗನೆ ಗೂಡನ್ನು ತನ್ನದು ಮಾಡಿಕೊಂಡಿತು. ಆದರೆ ಒಂದು ಚಟ ಬಿಡಲಿಲ್ಲ. ಹೊರಗೆ ಮುಗಿಸಿ ಬಂದರೂ ನಡುಮನೆಯ ಕಂಬದ ಬುಡದಲ್ಲಿ, ಅದೂ ಅದೇ ಒಂದು ಕಂಬದ ಬುಡದಲ್ಲಿ, ಉಚ್ಚೆ ಹುಯ್ಯುತ್ತಿತ್ತು.

ಅಷ್ಟರಲ್ಲಿ ಮೈದುನ ಬಂದ. ನಂದಗುಡಿಯ ಕಡೆ ಅವನ ತೋಟ. ಅಲ್ಲಿ ಜಮೀನಿಗೆ ಬೆಲೆ ಬರುತ್ತದೆಂಬ ಸುದ್ದಿ ಎದ್ದಾಗಿನಿಂದ ಸುತ್ತ ಬೇಲಿ ಹಾಕಿ, ಪಂಪ್‌ಹೌಸಿನ ಹತ್ತಿರ ಎರಡು ನಾಯಿ ಕಟ್ಟಿದ್ದ. ಅವುಗಳ ಸರಪಳಿ ಎಳೆದೆಳೆದು ಮಣ್ಣಿನಲ್ಲಿ ದುಂಡಗೆ ಹಳ್ಳ ಬಿದ್ದಿತ್ತು. ಮಳೆಗೂ ಅಲ್ಲೇ, ಬಿಸಿಲಿಗೂ ಅಲ್ಲೇ. ನಮ್ಮ ಮರಿಯ ಪಾದದ ಅಗಲ ನೋಡಿ, ಇದು ಕರುವಿನ ಹಾಗೆ ಬೆಳೆಯುತ್ತದೆ, ನನಗೆ ಕೊಟ್ಟುಬಿಡಿ ಎಂದ. ಕೊಡುವುದಿಲ್ಲ ಎಂದೆ. ಅದೇ ಹೊತ್ತಿಗೆ ಮರಿ ಕಂಬದ ಬುಡಕ್ಕೆ ಹೋಯಿತು. ಅವನು ಎದ್ದು ಅದರ ಕತ್ತು ಹಿಡಿದು ಮೂತಿಯನ್ನು ಉಚ್ಚೆಗೆ ಉಜ್ಜಿ, ಪೊರಕೆಯ ಬುಡದಲ್ಲಿ ಎರಡೇಟು ಹಾಕಿದ. ಹೀಗೆ ಮಾಡಿದರೇ ನೆನಪಿರುತ್ತದಂತೆ.

ನೆನಪೇನೋ ಇತ್ತು. ಅಂದಿನಿಂದ ಅವನ ದನಿ ಕೇಳಿದರೆ ಮರಿ ಸೋಫಾದ ಹಿಂದೆ ಹೋಗಿ, ಭಯಕ್ಕೆ ಅಲ್ಲೂ ಹುಯ್ಯತೊಡಗಿತು. ಮೂತಿ ಉಜ್ಜಿಸಿಕೊಂಡ ಮರಿಗೆ ತಿಳಿಯುವುದು ಇಷ್ಟೇ: ಮನುಷ್ಯರ ಕಣ್ಣೆದುರು ಮಾಡಬಾರದು, ಬಚ್ಚಿಟ್ಟುಕೊಂಡು ಮಾಡಬೇಕು. ನಮ್ಮ ಕಡೆ ಮನೆಮನೆಯಲ್ಲೂ ಇದೇ ವಿದ್ಯೆ.

ಅತ್ತೆಗೂ ಸಾಕಾಗಿತ್ತು. ಗೌರಿ ಹಬ್ಬದೊಳಗೆ ಈ ಚಟ ನಿಲ್ಲಬೇಕು, ಇಲ್ಲವಾದರೆ ಮರಿ ನಂದಗುಡಿಗೆ ಹೋಗಬೇಕು ಎಂದರು. ಗಂಡ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನಾನು ಒಪ್ಪಿಕೊಂಡೆ. ಗಡುವು ಎಂದರೆ ಗಡುವು; ಎರಡೂ ಕಡೆಯವರು ಮಾತಿಗೆ ನಿಲ್ಲುತ್ತಾರೆಂದು ನಂಬಿದ್ದೆ.

ಕಾರಣ ತಿಳಿದದ್ದು ಒಂದು ಬೆಳಿಗ್ಗೆ. ಅತ್ತೆ ತಂಬಿಗೆಯಲ್ಲಿ ಗಂಜಲ ತಂದು, ಮಂತ್ರ ಹೇಳಿಕೊಳ್ಳುತ್ತಾ ಕಂಬದ ಬುಡಕ್ಕೆ ಚಿಮುಕಿಸುತ್ತಿದ್ದರು. ಮರಿ ಹುಯ್ದಾಗಲೆಲ್ಲ ಮೈಲಿಗೆ ಕಳೆಯಲಿ ಎಂದು ಹಸುವಿನ ಉಚ್ಚೆ ಹಾಕಿ ಒರೆಸುತ್ತಿದ್ದರು! ಹೋಟೆಲಿನ ಹಳೇ ಕಾರ್ಪೆಟ್ಟು ಮಾರುವ ನನಗೆ ಈ ಸಂಕಟ ಗೊತ್ತು. ಬೆಕ್ಕು ಹುಯ್ದ ಕಾರ್ಪೆಟ್ಟಿಗೆ ಎಷ್ಟು ಸೆಂಟು ಹೊಡೆದರೂ, ಕೊಂಡವರ ಮನೆಯ ನಾಯಿ ಮೊದಲ ದಿನವೇ ಅಲ್ಲಿ ಕಾಲೆತ್ತುತ್ತದೆ. ಮೂಗಿಗೆ ಉಚ್ಚೆಯ ವಾಸನೆ ಬಂತೋ, ಇದೇ ಕಕ್ಕಸು ಎಂದೇ ಅದಕ್ಕೆ ಅರ್ಥ. ನಾನು ಹೊರಗೆ ಕಲಿಸಿದ್ದನ್ನು ಅತ್ತೆ ಒಳಗೆ, ಭಕ್ತಿಯಿಂದ, ಅಳಿಸುತ್ತಿದ್ದರು.

ಹೇಳಿದೆ. ಕೆಂಡವಾದರು.

"ನಾನ್ ಈ ಮನೆಗ್ ಬಂದಾಗಿಂದ ಗಂಜ್ಲ ಹಾಕ್ತಾ ಇವ್ನಿ. ನಿನ್ ನಾಯಿ ನಂಗೆ ಬುದ್ಧಿ ಹೇಳ್ಕೊಡ್ತದಾ?"

ಹಸು ಹೆಚ್ಚೋ ನಾಯಿ ಹೆಚ್ಚೋ ಎಂಬ ವಾದಕ್ಕೆ ನಾನು ಇಳಿಯಲಿಲ್ಲ. ಇಂಥ ಕಡೆ ಯಾವತ್ತೂ ತತ್ವ ಮಾತಾಡಬೇಡಿ, ಜಾಗ ಮಾತಾಡಿ. ಗಂಜಲ ಹೊಸ್ತಿಲಾಚೆಗೆ, ಹಿತ್ತಿಲಿಗೆ. ಕಂಬಕ್ಕೆ ಅರಿಶಿನದ ನೀರು. ಅರಿಶಿನವೂ ಮಂಗಳವೇ ತಾನೇ ಅತ್ತೆ, ಎಂದೆ. ಗೊಣಗಿ ಒಪ್ಪಿದರು. ನಾನು ಕಂಬದ ಬುಡವನ್ನು ಸೋಪಿನ ಪುಡಿಯಲ್ಲಿ ಉಜ್ಜಿ, ಹೋಟೆಲಿನಿಂದ ತಂದಿದ್ದ ವಿನೆಗರ್ ಸುರಿದು ತೊಳೆದೆ. ಒಂದೆರಡು ಸಲ ತಪ್ಪಿತು, ಆಮೇಲೆ ನಿಂತಿತು. ಹಬ್ಬ ಇನ್ನೂ ದೂರವಿರುವಾಗಲೇ ಮರಿ ತಾನಾಗಿಯೇ ಹಿತ್ತಿಲ ಬಾಗಿಲಿಗೆ ಹೋಗಿ ಕುಂಯ್‌ಗುಡುತ್ತಿತ್ತು. ನಾನಿಲ್ಲದಾಗ ಅತ್ತೆಯೇ ಚಿಲಕ ತೆಗೆಯುತ್ತಿದ್ದರು. ಅಂತೂ ಗೆದ್ದೆ ಅಂದುಕೊಂಡೆ.

ಒಂದು ದಿನ ನೆಲಮಂಗಲದಲ್ಲಿ ಮುಚ್ಚಿದ ಲಾಡ್ಜೊಂದರ ಮಂಚಗಳನ್ನು ನೋಡಿ ಮಧ್ಯಾಹ್ನ ಮನೆಗೆ ಬಂದರೆ ನಡುಮನೆಯ ಮೂಲೆ ಖಾಲಿ. ಗೂಡೂ ಇಲ್ಲ, ಮರಿಯೂ ಇಲ್ಲ. ಅತ್ತೆ ಅಲಸಂದೆಕಾಯಿ ಸುಲಿಯುತ್ತಾ ಕೂತಿದ್ದರು. ಮೈದುನ ಬಂದಿದ್ದ, ತೋಟಕ್ಕೆ ಬೇಕಂತೆ, ತೆಗೆದುಕೊಂಡು ಹೋದ ಎಂದರು.

"ಮನೇಲಿ ಹುಯ್ದಿತ್ತಾ?"

"ಇಲ್ಲ."

"ಅವನನ್ನ ಕಂಡ್ರೆ ಸೋಫಾ ಹಿಂದಕ್ ಓಡೋದು. ಹೆಂಗ್ ಹಿಡಿದ?"

ಅತ್ತೆ ಇನ್ನೊಂದು ಕಾಯಿ ಕೈಗೆತ್ತಿಕೊಂಡರು. "ಅವ್ನು ಆಚೆ ನಿಂತ್ಕೊಂಡಿದ್ದ. ನಾನೇ ಗೂಡಿಗೆ ಅಂದೆ. ಹೋಯ್ತು. ಬಾಗ್ಲು ಹಾಕ್ದೆ."

ಇಲ್ಲಿಯ ತನಕ ಬಂದ ಕೋಪವೆಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಹೊಡೆದು ಎಳೆದುಕೊಂಡು ಹೋಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಒಳಗೆ ಹೋದರೆ ಯಾರೂ ಏನೂ ಮಾಡುವುದಿಲ್ಲ ಎಂದು ಮುದ್ದೆಯ ಚೂರಿಟ್ಟು ನಾನು ಕಲಿಸಿದ್ದೆ. ಆ ನಂಬಿಕೆಯನ್ನೇ ಬೋನು ಮಾಡಿಕೊಂಡಿದ್ದರು. ಗಡುವು ಮುಗಿದಿರಲಿಲ್ಲ, ಷರತ್ತು ಮುರಿದಿರಲಿಲ್ಲ. ವ್ಯಾಪಾರದಲ್ಲಿ ಹೀಗೆ ಮಾಡಿದವರ ಮುಖ ನಾನು ಮತ್ತೆ ನೋಡುವುದಿಲ್ಲ. ಮನೆಯವರನ್ನು ಏನು ಮಾಡುವುದು?

ಊಟ ಮಾಡದೆ ಟೆಂಪೊ ತಿರುಗಿಸಿದೆ. ತೋಟದಲ್ಲಿ ಮರಿ ಮೂರನೆಯ ಸರಪಳಿಯಲ್ಲಿತ್ತು, ಸರಪಳಿ ಅದಕ್ಕಿಂತ ಭಾರ. ಗೂಡಿನೊಳಗೆ ಆಗಲೇ ಕೋಳಿಗಳಿದ್ದವು. ನಾನು ನೇರ ಹೋಗಿ ಸರಪಳಿಯ ಕೊಂಡಿ ಬಿಚ್ಚಿದೆ. ಮೈದುನ ನಗುತ್ತಲೇ ಬಂದ.

"ನಾಯಿ ಇರೋದು ಕಾವಲಿಗೆ ಅತ್ತಿಗೆ. ನೀವದನ್ನ ಮಗು ಥರ ಸಾಕಿದ್ರೆ ಏನ್ ಬಂತು? ಹೋಗ್ಲಿ, ಒಂದು ರೇಟ್ ಹೇಳಿ. ನಿಮ್ ಹತ್ರ ಎಲ್ಲಾದಕ್ಕೂ ರೇಟ್ ಇರುತ್ತಲ್ಲ."

"ಕೇಳಿ ತಗೊಳ್ಳೋನಿಗೆ ರೇಟ್ ಹೇಳ್ತೀನಿ ಕಣಪ್ಪಾ. ಕದ್ದೋನಿಗೆ ಯಾವ ರೇಟು?"

ಅವನ ನಗು ನಿಂತಿತು. ಅಮ್ಮನೇ ಕೊಟ್ಟಿದ್ದು ಎಂದ. ಅವರದ್ದಾಗಿದ್ದರೆ ಕೊಡಬಹುದಿತ್ತು ಎಂದೆ. ಕೋಳಿಗಳನ್ನು ಅವನ ಕಾಲ ಬುಡಕ್ಕೇ ಬಿಟ್ಟು ಗೂಡನ್ನು ಟೆಂಪೊಗೆ ಹಾಕಿಕೊಂಡೆ. ಮರಿ ದಾರಿಯುದ್ದಕ್ಕೂ ನನ್ನ ಪಕ್ಕದ ಸೀಟಿನ ಕೆಳಗೆ ನಡುಗುತ್ತಿತ್ತು.

ಮನೆಗೆ ಬಂದದ್ದೇ ನಡುಮನೆಯ ನಡುವೆ ಹುಯ್ದಿತು. ಅತ್ತೆ ನೋಡಿದರು, ನಾನು ಅತ್ತೆಯನ್ನು ನೋಡಿದೆ. ನಾನೇ ಒರೆಸಿದೆ. ಉಚ್ಚೆಯ ಪಾಠ ಮತ್ತೆ ಬೇಗ ಹತ್ತಿತು. ಗೂಡಿನದು ಹತ್ತಲಿಲ್ಲ. ಮುದ್ದೆ ಎಸೆದರೆ ದೂರ ನಿಂತು ನೋಡುವುದು, "ಗೂಡಿಗೆ" ಎಂದರೆ ಸೋಫಾದ ಹಿಂದಕ್ಕೆ ಹೋಗುವುದು. ಆ ಮಾತನ್ನೇ ಬಿಟ್ಟೆ. ಸ್ಪ್ಯಾನರ್ ತಂದು ಗೂಡಿನ ಬಾಗಿಲು ಬಿಚ್ಚಿ ಗುಜರಿಗೆ ಹಾಕಿದೆ. ಊಟದ ತಟ್ಟೆಯನ್ನು ಮೊದಲು ಗೂಡಿನ ಹೊರಗಿಟ್ಟು, ದಿನಾ ಸ್ವಲ್ಪ ಸ್ವಲ್ಪ ಒಳಗೆ ಸರಿಸುತ್ತಾ ಬಂದೆ. ಕೆಟ್ಟದ್ದನ್ನು ಸರಿಮಾಡಲು ಹೊಸದಾಗಿ ಕಲಿಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ತಾಳ್ಮೆ ಬೇಕು. ಕೆಡಿಸಿದವರು ಆ ತಾಳ್ಮೆಗೆ ಪಾಲುದಾರರಾಗಿ ಬರುವುದಿಲ್ಲ.

ಗೌರಿ ಹಬ್ಬಕ್ಕೆ ಮೈದುನ ಊಟಕ್ಕೆ ಬಂದ. ಹಬ್ಬಕ್ಕೆ ಬಂದವನಿಗೆ ಎಲೆ ಹಾಕದೆ ಇರಲಾಗುವುದಿಲ್ಲ, ಹಾಕಿದೆ. ಮರಿ ಗೂಡಿನಲ್ಲಿ ಅರ್ಧ ಮೈ ಇಟ್ಟು, ಹಿಂಗಾಲುಗಳನ್ನು ಹೊರಗೇ ಚಾಚಿ ಮಲಗಿತ್ತು, ಯಾವಾಗ ಬೇಕಾದರೂ ಏಳುವಂತೆ. ಇವನ ದನಿಗೆ ಎದ್ದು ಹಿತ್ತಿಲಿಗೆ ಹೋಯಿತು.

"ಗೂಡಿಗೆ ಬಾಗ್ಲೇ ಇಲ್ವಲ್ಲ ಅತ್ತಿಗೆ, ಏನಾಯ್ತು?" ಎಂದ.

"ನೀನ್ ಬರೋ ಮನೆ ಅಲ್ವೇನಪ್ಪಾ ಇದು, ಅದಕ್ಕೆ."

ಅತ್ತೆ ಅವನಿಗೆ ಬಡಿಸಲು ಹಿಡಿದಿದ್ದ ಒಬ್ಬಟ್ಟನ್ನು ಎಲೆಯ ಮೇಲಿಟ್ಟರು. ನಾನು ತುಪ್ಪ ತರಲು ಒಳಗೆ ಹೋದೆ.