ಸತ್ತ ಸ್ಥಳ

ಅಣ್ಣ ಹಡಗಿಗೆ ಹೋಗುವ ಮುಂಚೆ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಫಿಟ್ಟರ್ ಆಗಿದ್ದ. ತೊಂಬತ್ತರ ದಶಕದಲ್ಲಿ ಆ ಮಿಲ್ಲು ಬಾಗಿಲು ಹಾಕಿತು. ಮುಂಬಯಿಯಲ್ಲಿದ್ದ ಗೆಳೆಯನ ಮಾತು ಕೇಳಿ ಸರಕು ಹಡಗೊಂದರ ಎಂಜಿನ್ ಕೋಣೆಗೆ ಸೇರಿದ. ಈಜು ಬರುತ್ತಿರಲಿಲ್ಲ. ಅದನ್ನು ಹೇಳಿದರೆ, "ನಾನು ಯಂತ್ರ ನೋಡಾಕೆ ಹೋಗ್ತಿರೋದು ಕಣೆ, ನೀರು ನೋಡಾಕಲ್ಲ" ಎಂದು ನನ್ನ ಬಾಯಿ ಮುಚ್ಚಿಸಿದ.

ಅವನ ಕಾಗದಗಳು ನಾನು ಕೆಲಸ ಮಾಡುತ್ತಿದ್ದ ಟೈಪಿಂಗ್ ಶಾಲೆಯ ವಿಳಾಸಕ್ಕೆ ಬರುತ್ತಿದ್ದವು. ಅತ್ತಿಗೆ ಮೊಳಕಾಲ್ಮೂರಿನ ನೇಕಾರರ ಮನೆಯವಳು. ತೆಲುಗು, ಕನ್ನಡ ಎರಡೂ ಸರಾಗವಾಗಿ ಆಡುತ್ತಿದ್ದಳು, ಓದು ಮಾತ್ರ ಬರುತ್ತಿರಲಿಲ್ಲ. ನಾನೇ ಓದಿ ಹೇಳುತ್ತಿದ್ದೆ. ಒಮ್ಮೆ ಬರೆದಿದ್ದ: ಹಡಗಿನ ಯಜಮಾನ ಒಂದು ದೇಶದವನು, ಕ್ಯಾಪ್ಟನ್ ಇನ್ನೊಂದು ದೇಶದವನು, ಹಾರಿಸುವ ಬಾವುಟ ಮೂರನೆಯ ದೇಶದ್ದು. ಆ ದೇಶವನ್ನು ನಮ್ಮಲ್ಲಿ ಒಬ್ಬನೂ ನೋಡಿಲ್ಲ. ಅಲ್ಲಿ ತೆರಿಗೆ ಕಡಿಮೆಯಂತೆ, ಕೇಳುವವರೂ ಕಡಿಮೆಯಂತೆ. ಅದನ್ನೋದಿ ಇಬ್ಬರೂ ನಕ್ಕಿದ್ದೆವು.

ಎರಡನೆಯ ವರ್ಷ, ಒಂದು ಮಧ್ಯಾಹ್ನ, ಟೈಪಿಂಗ್ ಶಾಲೆಗೆ ಮುಂಬಯಿಯ ಏಜೆಂಟನ ಫೋನ್ ಬಂತು. ಬಿರುಗಾಳಿಯಲ್ಲಿ ಅಣ್ಣ ಹಡಗಿನಿಂದ ಬಿದ್ದಿದ್ದಾನೆ, ಒಂದು ಹಗಲು ಹುಡುಕಿದರು, ಸಿಗಲಿಲ್ಲ, ಹಡಗು ಮುಂದೆ ಹೋಗಿದೆ ಎಂದ. ಎಲ್ಲಿ ಎಂದು ಕೇಳಿದೆ. "ಯಾವ ದೇಶಕ್ಕೂ ಸೇರದ ನೀರಿನಲ್ಲಿ" ಎಂದು ಹಿಂದಿಯಲ್ಲಿ ಹೇಳಿ ಫೋನ್ ಇಟ್ಟ.

ನನಗೆ ಇಂಗ್ಲಿಷ್ ಟೈಪಿಂಗ್ ಬರುತ್ತಿತ್ತು. ಅದೇ ದೊಡ್ಡ ಶಕ್ತಿಯೆಂದುಕೊಂಡು ಅರ್ಜಿ ಬರೆಯತೊಡಗಿದೆ. ಹಡಗು ನಮ್ಮಲ್ಲಿ ನೋಂದಣಿಯಾಗಿಲ್ಲ, ತೆರೆದ ಸಮುದ್ರದಲ್ಲಿ ಬಾವುಟದ ದೇಶದ ಕಾನೂನೇ ನಡೆಯುವುದು, ಅವರನ್ನೇ ಕೇಳಿ ಎಂದು ನಮ್ಮ ದೇಶದ ಕಚೇರಿಯೊಂದು ಉತ್ತರಿಸಿತು. ಬಾವುಟದ ದೇಶದ ಉತ್ತರ ಬಂದದ್ದು ಆ ದೇಶದಿಂದಲೂ ಅಲ್ಲ, ಬೇರೆಲ್ಲೋ ಇದ್ದ ಅದರ ಬಾಡಿಗೆ ಕಚೇರಿಯಿಂದ: ವಿಚಾರಣೆ ಮುಗಿದಿದೆ, ವರದಿಯನ್ನು ಹಡಗಿನ ಮಾಲೀಕರಿಗೆ ಮಾತ್ರ ಕೊಡಲಾಗುವುದು. ಮಾಲೀಕರಿಗೆ ಬರೆದದ್ದು ವಿಳಾಸದಾರರಿಲ್ಲವೆಂದು ಹಿಂದಿರುಗಿತು. ದೇಶಗಳೆಲ್ಲ ಕೂತು ಕಡಲಿಗೆ ಒಂದೇ ಕಾನೂನು ಬರೆದಿವೆಯೆಂದು ಆಗ ಪತ್ರಿಕೆಯಲ್ಲಿ ಓದಿದೆ. ಮೀನಿಗೆ, ಎಣ್ಣೆಗೆ, ಗಡಿಗೆ ಎಲ್ಲಕ್ಕೂ ಅದರಲ್ಲಿ ಲೆಕ್ಕವಿತ್ತಂತೆ. ಪತ್ರಿಕೆಯನ್ನು ಮಡಚಿಟ್ಟೆ.

ಇತ್ತ ಅತ್ತಿಗೆಗೆ ವಿಧವಾ ವೇತನ ಬೇಕಿದ್ದರೆ ಮರಣ ಪ್ರಮಾಣಪತ್ರ ಬೇಕಿತ್ತು. ಅರ್ಜಿಯಲ್ಲಿ 'ಸತ್ತ ಸ್ಥಳ' ಎಂದಿದ್ದ ಕಡೆ ಊರು, ಹೋಬಳಿ, ತಾಲ್ಲೂಕು ಕೇಳಿದ್ದರು. 'ಸಮುದ್ರ' ಎಂದು ಬರೆದುಕೊಟ್ಟಾಗಲೆಲ್ಲ ಅರ್ಜಿ ವಾಪಸ್ಸು ಬಂತು. ಒಂದೂವರೆ ವರ್ಷ ಹೀಗೇ ಕಳೆಯಿತು. ಕೊನೆಗೆ, ಬೀದಿಯಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುತ್ತಿದ್ದ ದಲ್ಲಾಳಿಯೊಬ್ಬ ನಮ್ಮ ಕಾಗದಗಳನ್ನು ತಿರುವಿ ನೋಡಿ, "ಗೌರಸಮುದ್ರ ಅಂತ ಬರೀರಿ. ಜ್ವರ ಬಂದು ಸತ್ರು ಅನ್ರಿ. ಸಮುದ್ರಾನೂ ಬಂತು, ಊರೂ ಬಂತು" ಎಂದ.

ಅತ್ತಿಗೆ ನನ್ನ ಕಡೆ ತಿರುಗಿದಳು. "ಅಬದ್ಧ ಅಲ್ವೇನಮ್ಮ? ಆ ಊರಾಗೆ ಅವರು ಒಂದಿನಾನೂ ಇದ್ದಿಲ್ಲ."

"ಸುಳ್ಳಾದ್ರೇನವ್ವ," ಎಂದ ದಲ್ಲಾಳಿ, "ಸತ್ತಿರೋದು ನಿಜ ತಾನೆ?"

ನಾನು ದಣಿದಿದ್ದೆ. "ಆಗ್ಲಿ ಬಿಡು ಅತ್ತಿಗೆ" ಎಂದೆ. ಆ ಅರ್ಜಿಯನ್ನೂ ನಾನೇ ಟೈಪ್ ಮಾಡಿದೆ. ಅವನು ಅದನ್ನು ಎಲ್ಲಿ ಕೊಟ್ಟನೋ ಏನು ಮಾಡಿದನೋ ತಿಳಿಯದು, ಪ್ರಮಾಣಪತ್ರ ಬಂತು. ವೇತನವೂ ಶುರುವಾಯಿತು.

ಮರುವರ್ಷ ಅಣ್ಣನ ಜೊತೆ ಕೆಲಸ ಮಾಡಿದ್ದ ಕೇರಳದವನೊಬ್ಬ ಕಾಗದ ಬರೆದ. ಅವತ್ತು ಬಿರುಗಾಳಿ ಇರಲೇ ಇಲ್ಲ. ಡೆಕ್ಕಿನ ಅಂಚಿನ ತಡೆಕಂಬಿ ಮುರಿದು ತಿಂಗಳಾಗಿತ್ತು, ಹಗ್ಗ ಕಟ್ಟಿ ಬಿಟ್ಟಿದ್ದರು, ಅಣ್ಣನೇ ಎರಡು ಸಲ ದೂರು ಕೊಟ್ಟಿದ್ದ. ಎಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ ಎಂದಿದ್ದ. ನಾನು, ಅತ್ತಿಗೆ ಮುಂಬಯಿಗೆ ಹೋಗಿ ಅವನು ತೋರಿಸಿದ ವಕೀಲರನ್ನು ಕಂಡೆವು. ಹಡಗನ್ನು ನಡೆಸುತ್ತಿದ್ದ ಕಂಪನಿಯ ವಿಳಾಸವನ್ನೂ ಅವರೇ ಹುಡುಕಿ ತೆಗೆದರು. ಇರುವ ದಾಖಲೆಯನ್ನೆಲ್ಲ ಕೊಡಿ ಎಂದರು. ಸರ್ಕಾರದ ಮೊಹರು ಇದ್ದದ್ದು ಒಂದರ ಮೇಲೆಯೇ, ಕನ್ನಡದಲ್ಲಿದ್ದ ಆ ಮರಣ ಪ್ರಮಾಣಪತ್ರದ ಮೇಲೆ. ಅವರು ಕೇಳಿದರೆಂದು ಅದನ್ನೂ ಕೊಟ್ಟೆ. ಕೊಡುವಾಗ ಕೈ ತಡೆಯಲಿಲ್ಲ.

ಕಂಪನಿಯ ಉತ್ತರ ಎರಡು ಸಾಲಿನದು. ನಿಮ್ಮ ಸರ್ಕಾರದ ದಾಖಲೆಯಂತೆ ಮೃತರು ಒಂದು ಹಳ್ಳಿಯಲ್ಲಿ ಜ್ವರದಿಂದ ತೀರಿಕೊಂಡಿದ್ದಾರೆ, ನಮ್ಮ ಹಡಗಿನ ಮೇಲಲ್ಲ. ವಿಷಯ ಇಲ್ಲಿಗೆ ಮುಗಿಯಿತು.

ಓದಿ ಹೇಳಿದಾಗ ಅತ್ತಿಗೆ ಅಳಲಿಲ್ಲ. "ನಾನು ಓದದೋಳು. ನಿನಗೆ ಗೊತ್ತಿತ್ತಲ್ಲಮ್ಮ," ಎಂದಳು. "ನೀನ್ಯಾಕೆ ಬ್ಯಾಡ ಅನ್ಲಿಲ್ಲ?"

ಪ್ರಮಾಣಪತ್ರ ತಿದ್ದಿಸಲು ಓಡಾಡಿದೆ. ಕಡಲಲ್ಲಿ ಸತ್ತನೆಂಬುದಕ್ಕೆ ಬಾವುಟದ ದೇಶದ ವರದಿ ತನ್ನಿ ಎಂದರು. ಹಳೆಯದು ಸುಳ್ಳೆಂದಾದರೆ ವೇತನ ನಿಲ್ಲುತ್ತದೆ, ಬರೆದುಕೊಟ್ಟವರ ಮೇಲೆ ಕೇಸೂ ಆಗುತ್ತದೆ ಎಂದು ವಕೀಲರು ಕಾಗದ ಹಾಕಿದರು. ಅತ್ತಿಗೆಗೆ ಹೇಳಲು ಮೊಳಕಾಲ್ಮೂರಿಗೆ ಹೋದೆ. ಅವಳು ತವರಿನಲ್ಲಿ ರೇಷ್ಮೆ ನೂಲು ಸುತ್ತುತ್ತಿದ್ದಳು. ತಲೆಯೆತ್ತದೆ ಕೇಳಿಸಿಕೊಂಡಳು.

"ಬಿಟ್ಬಿಡು. ನೀನು ಇನ್ನೇನೂ ಬರೀಬ್ಯಾಡ."

ನೀರು ಬೇಕೇ ಎಂದು ಕೂಡ ಅವಳು ಕೇಳಲಿಲ್ಲ. ನಾನೂ ಕೂರಲಿಲ್ಲ.